ಕಡೆಯ ಗದ್ದೆಯ ನೀರು

ಶರಣಧರ್ಮದಲ್ಲಿ ಕಾಯಕ, ದಾಸೋಹ ಎಂಬ ಎರಡು ಮಾತುಗಳು ಒಂದನ್ನೊಂದು ಅಗಲಿ ನಿಲ್ಲತಕ್ಕವುಗಳಲ್ಲ. ಕಾಯಕವು ಗಳಿಸುವ ಬಗೆಯನ್ನು ಶುದ್ಧಗೊಳಿಸುತ್ತದೆ. ದಾಸೋಹವು ಗಳಿಸಿದುದನ್ನು ಶುದ್ಧಗೊಳಿಸುತ್ತದೆ. ಆದರೆ ಕಾಲಕ್ರಮದಲ್ಲಿ ದಾಸೋಹವೆಂದರೆ ಮಠದ ಪಂಕ್ತಿಯಲ್ಲಿ ನಡೆಯುವ ಅನ್ನಸಂತರ್ಪಣೆ ಎಂಬಷ್ಟಕ್ಕೆ ಅದರ ಅರ್ಥವು ಕಿರಿದಾಗಿದೆ. ಹಸಿದವನಿಗೆ ಅನ್ನವಿಕ್ಕುವುದು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಅನ್ನವನ್ನು ಬೆಳೆದ ನೆಲವು ಹೇಗೆ ದೊರೆಯಿತು, ಆ ನೆಲಕ್ಕೆ ಹರಿದ ನೀರು ಯಾರ ಪಾಲಿನದು, ಅದನ್ನು ಬೆಳೆಯುವಾಗ ನೆರೆಯವನ ಬಾವಿಯು ಬತ್ತಿತೆ ಇಲ್ಲವೆ ಎಂಬುದನ್ನು ಕೇಳದೆ ಬಡಿಸಿದ ಅನ್ನವು ಪೂರ್ಣಪ್ರಸಾದವಾದೀತೆ? ಭಕ್ತನಾದವನು ತನ್ನ ಅಂತರಂಗವನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆಗೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನವರ ಚರಿತೆಯಲ್ಲಿ ಕಾಣಬಹುದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಕದ್ದು ತಂದುದಲ್ಲ, ಯಾರಿಂದಲೂ ಕಸಿದುದಲ್ಲ, ನೆಲದ ಮೇಲೆ ಬಿದ್ದುದನ್ನೇ ಆಯ್ದು ತಂದುದು. ಆದರೂ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ ಇರಿಸಿಕೊಂಡು, ಮಿಕ್ಕುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರೆಂದು ಚರಿತೆಯು ಹೇಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ದಾನಮಾಡಲು ಸಹ ಹೇಳಲಿಲ್ಲ. ಮೊದಲು ಮಿತಿಮೀರಿ ತೆಗೆದುಕೊಂಡು, ಆಮೇಲೆ ಅದರಲ್ಲೊಂದು ಪಾಲನ್ನು ಕೊಟ್ಟು ಪುಣ್ಯವಂತನೆನಿಸಿಕೊಳ್ಳುವ ದಾರಿಯನ್ನು ಆ ತಾಯಿ ಮುಚ್ಚಿಬಿಟ್ಟರು. ತೆಗೆದುಕೊಳ್ಳುವ ಕೈಯಲ್ಲಿಯೇ ಮಿತಿಯಿರಬೇಕು ಎಂಬುದು ಅವರ ನಿಲುವು.

ಈ ಒಂದು ಘಟನೆಯಲ್ಲಿ ಎರಡು ನ್ಯಾಯಗಳು ಅಡಗಿವೆ. ಅಂಗಳದಲ್ಲಿ ಉಳಿದ ಅಕ್ಕಿಯು ಮತ್ತೊಬ್ಬ ಬಡವನಿಗೆ ದೊರೆಯುತ್ತದೆ. ಇದು ಮನುಷ್ಯನಿಗೆ ಸಲ್ಲುವ ನ್ಯಾಯ. ಉಳಿದುದು ಹಕ್ಕಿಗೂ ಇರುವೆಗೂ ಆಹಾರವಾಗುತ್ತದೆ. ಇದು ಸೃಷ್ಟಿಗೆ ಸಲ್ಲುವ ನ್ಯಾಯ. ಎರಡಕ್ಕೂ ಬೇಕಾದ ಸಂಯಮವು ಒಂದೇ. ಇಂದಿನ ರಾಜ್ಯನೀತಿಯಲ್ಲಿ ಬಡವರ ಏಳಿಗೆಯೊಂದು ಇಲಾಖೆ, ನೆಲಜಲಗಳ ರಕ್ಷಣೆಯೊಂದು ಇಲಾಖೆ ಎಂದು ಬೇರ್ಪಡಿಸಿ ಕಾಣುವ ರೂಢಿಯಿದೆ. ಈ ಎರಡನ್ನೂ ಬೇರ್ಪಡಿಸಲು ಬಾರದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ಆವತಿಯ ಪ್ರಾಂತವನ್ನು ನೋಡಿದರೆ ಸಾಕು.

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಆವತಿಯಿದೆ. ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರು. ಕಂಚಿಯ ಸೀಮೆಯಲ್ಲಿ ಪಾಳೆಯಗಾರನೊಬ್ಬನ ಬಲಾತ್ಕಾರಕ್ಕೆ ಅಂಜಿ, ಮನೆಯ ಹೆಣ್ಣುಮಗಳ ಮಾನವನ್ನು ಉಳಿಸಿಕೊಳ್ಳಲು ರಾತ್ರೋರಾತ್ರಿ ಊರು ಬಿಟ್ಟ ಒಕ್ಕಲು ಕುಟುಂಬಗಳು ಪಾಲಾರ್ ನದಿಯನ್ನು ದಾಟಿ ಇಲ್ಲಿಗೆ ಬಂದು ನೆಲೆಸಿದುವೆಂದೂ, ರಣಭೈರೇಗೌಡನು ಅವರಿಗೆ ಹಿರಿಯನಾಗಿದ್ದನೆಂದೂ ಐತಿಹ್ಯವಿದೆ. ಆ ಆವತಿನಾಡಿನ ಪ್ರಭುಗಳ ಸಂತತಿಯೇ ಮುಂದೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಮೊದಲಾದ ಊರುಗಳನ್ನು ಆಳಿತು. ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಕಟ್ಟಿಸಿದ ಮಲ್ಲಭೈರೇಗೌಡನೂ ಆ ವಂಶದವನೇ. ಬಲವಂತನ ಅನ್ಯಾಯದಿಂದ ನೆಲೆ ತಪ್ಪಿದವರು ಬಂದು ಆಶ್ರಯ ಪಡೆದ ಭೂಮಿಯಿದು ಎಂಬುದನ್ನು ನೆನಪಿನಲ್ಲಿಡಬೇಕು.

ಈ ಭೂಮಿಯು ಕಲ್ಲಿನ ಭೂಮಿ. ಸಮೀಪದ ನಂದಿಬೆಟ್ಟದ ಸಾಲಿನಲ್ಲಿ ಅರ್ಕಾವತಿ, ದಕ್ಷಿಣಪಿನಾಕಿನಿ ಮುಂತಾದ ನದಿಗಳು ಹುಟ್ಟುವುವಾದರೂ, ಅವು ಇಲ್ಲಿ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳಂತಿವೆ. ಮೇಲೆ ತೆಳುವಾದ ಮಣ್ಣು, ಕೆಳಗೆ ಗಟ್ಟಿಯಾದ ಕರಿಬಂಡೆ. ನೀರು ನಿಲ್ಲುವುದು ಆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಇದನ್ನರಿತ ಪೂರ್ವಿಕರು ಸರಣಿಯಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯು ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಹೋಗಬೇಕು. ತನ್ನ ಪಾತ್ರೆ ತುಂಬಿದ ಮೇಲೆ ಮುಂದಿನವನಿಗೆ ಬಿಡು ಎಂಬ ಧರ್ಮವನ್ನು ಅವರು ಕಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ಬರೆದಿಟ್ಟರು. ಕರ್ನಾಟಕದಲ್ಲಿ 36,000ಕ್ಕೂ ಮಿಗಿಲಾದ ಕೆರೆಗಳಿವೆಯೆಂದು ಎಣಿಸಲಾಗಿದೆ. ಅವುಗಳಲ್ಲಿ ಪ್ರತಿಯೊಂದು ಕೋಡಿಯೂ ದಾಸೋಹದ ಒಂದು ಪಾಠಶಾಲೆಯೇ ಆಗಿದೆ.

ಕೆರೆಯ ನೀರನ್ನು ಹಂಚುವ ಹೊಣೆಯು ನೀರುಗಂಟಿಯದಾಗಿತ್ತು. ಅವನು ತೂಬನ್ನು ಎತ್ತಿ, ಕಾಲುವೆಯ ಗುಂಟ ನಡೆದು, ಸರದಿಯ ಪ್ರಕಾರ ಗದ್ದೆಗೆ ನೀರು ಬಿಡುತ್ತಿದ್ದನು. ಗೌಡನಾಗಲಿ ಶಾನುಭೋಗನಾಗಲಿ ತನ್ನ ಕೈಯಿಂದ ಮಡೆಯನ್ನು ಕಡಿದು ನೀರು ಹಾಯಿಸಿಕೊಳ್ಳುವಂತಿರಲಿಲ್ಲ. ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಬೆಳೆಯಿಡಬೇಕೆಂಬುದನ್ನು ಊರು ಸೇರಿ ಗೊತ್ತುಪಡಿಸುತ್ತಿತ್ತು. ಕಡೆಯ ಗದ್ದೆಗೆ ನೀರು ಮುಟ್ಟಿತೆಂದರೆ ನೀರುಗಂಟಿಯ ಕಾಯಕವು ಸಾರ್ಥಕವಾಯಿತು. ಮುಟ್ಟಲಿಲ್ಲವೆಂದರೆ ಎಲ್ಲಿಯೋ ಮಡೆ ಒಡೆದಿದೆ, ಇಲ್ಲವೆ ಯಾರೋ ಹೆಚ್ಚು ಕುಡಿದಿದ್ದಾರೆ ಎಂದು ಅರ್ಥ. ಸುಗ್ಗಿಯಲ್ಲಿ ಕಣದಿಂದ ದೊರೆಯುವ ಧಾನ್ಯವೇ ಅವನ ಸಂಬಳ. ಆದುದರಿಂದ ಕಡೆಯ ಗದ್ದೆಯು ಬೆಳೆದರೆ ಅವನ ಮನೆಯೂ ಉಣ್ಣುತ್ತಿತ್ತು.

ಹೀಗೆಂದು ಹಿಂದಿನ ಕಾಲವೆಲ್ಲ ಧರ್ಮಮಯವಾಗಿತ್ತೆಂದು ಹೊಗಳುವುದು ಸತ್ಯಕ್ಕೆ ಅಪಚಾರ. ಈ ಸೀಮೆಯಲ್ಲಿ ನೀರುಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರೇ ಆಗಿದ್ದರು. ಇಡೀ ಊರಿನ ಗದ್ದೆಗಳಿಗೆ ಯಾವನ ಕೈ ನೀರನ್ನು ಹಂಚುತ್ತಿತ್ತೋ ಆ ಕೈ ಊರೊಳಗಣ ಸೇದುವ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಮಾದಾರ ಚೆನ್ನಯ್ಯನವರನ್ನು ಹಿರಿಯರೆಂದು ನಮಿಸಿದ ಧರ್ಮದವರ ಮನೆಗಳು ಇದ್ದ ಊರುಗಳಲ್ಲಿಯೂ ಇದು ನಡೆಯಿತೆಂಬುದು ತಲೆ ತಗ್ಗಿಸಬೇಕಾದ ಸಂಗತಿ. ಕೆರೆಯು ಉಳಿದಿತ್ತು, ನ್ಯಾಯವು ಅರ್ಧವಾಗಿತ್ತು. ಅರ್ಧವಾದ ನ್ಯಾಯವು ಕೆರೆಯನ್ನೂ ಕೊನೆಯವರೆಗೆ ಕಾಯಲಾರದೆ ಹೋಯಿತು. ಕಾಯುವವನಿಗೆ ಗೌರವವಿಲ್ಲದ ವ್ಯವಸ್ಥೆಯನ್ನು ಅವನ ಮಕ್ಕಳು ತೊರೆದು ನಡೆದರೆ ಅದು ಯಾರ ತಪ್ಪು?

ಆಮೇಲೆ ಬಂದುದು ಕೊಳವೆಬಾವಿಯ ಕಾಲ. ಕೆರೆಯು ಊರಿಗೆಲ್ಲ ಒಂದೇ. ಕೊಳವೆಬಾವಿಯು ಹಣವುಳ್ಳವನಿಗೆ ಒಂದೊಂದು. ಮೇಲೆ ನೆಲವು ಪಹಣಿಯ ಪ್ರಕಾರ ಹರಿದು ಹಂಚಿಹೋಗಿದ್ದರೂ ಕೆಳಗಿನ ನೀರಿಗೆ ಪಹಣಿಯಿಲ್ಲ. ಒಬ್ಬನು ಆಳಕ್ಕೆ ಕೊರೆಸಿದರೆ ನೆರೆಯವನ ತೋಡುಬಾವಿಯು ಒಣಗುತ್ತದೆ. ಆ ನೆರೆಯವನು ಸಾಲಮಾಡಿ ಇನ್ನೂ ಆಳಕ್ಕೆ ಕೊರೆಸುತ್ತಾನೆ. ನೀರು ಬಾರದಿದ್ದರೆ ಸಾಲವು ಮಾತ್ರ ಉಳಿಯುತ್ತದೆ. ಈ ಪೈಪೋಟಿಯಲ್ಲಿ ಕೊಳವೆಬಾವಿಗಳು 1,000 ಅಡಿಗಳನ್ನೂ ಮೀರಿ ಇಳಿದಿವೆ. ಮಳೆಯು ಇಂಗಿಸುವುದಕ್ಕಿಂತ ಹೆಚ್ಚನ್ನು ಮೇಲಕ್ಕೆತ್ತುವ, ಅಂತರ್ಜಲದ ಅತಿಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವನಹಳ್ಳಿಯ ಹೆಸರು ಸೇರಿದೆ. ಅತಿಬಳಕೆ ಎಂಬ ಸರ್ಕಾರಿ ಮಾತಿಗೂ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಆ ಹೆಚ್ಚಿನ ಅಕ್ಕಿಗೂ ಅರ್ಥದಲ್ಲಿ ಏನು ವ್ಯತ್ಯಾಸ? ಬೇರೆಯಾದುದು ಇಷ್ಟೆ: ಅಲ್ಲಿ ಹಿಂದಿರುಗಿಸುವವರು ಇದ್ದರು.

ನೆಲದ ವಿಷಯದಲ್ಲಿಯೂ ಇಂಥದೇ ಪಾಠವಿದೆ. ಸುಮಾರು 1790ರಲ್ಲಿ, ಟಿಪ್ಪುಸುಲ್ತಾನನ ಕಾಲದಲ್ಲಿ, ನಂದಿಬೆಟ್ಟದ ತೋಟಕ್ಕೆ ನೀಲಗಿರಿ ಮರವು ಬಂದಿತೆಂದು ಹೇಳುತ್ತಾರೆ. ಬಹುಕಾಲ ಅದೊಂದು ಅಲಂಕಾರದ ಮರವಾಗಿತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಯೋಜನೆಯ ಹೆಸರಿನಲ್ಲಿ ಅದೇ ಮರವು ಕೋಲಾರ ಮತ್ತು ಬೆಂಗಳೂರಿನ ಗ್ರಾಮಾಂತರ ಪ್ರದೇಶಗಳ ರಾಗಿಹೊಲಗಳನ್ನು ತುಂಬಿತು. ಹಸಿರು ಹೆಚ್ಚಾಯಿತೆಂದು ಲೆಕ್ಕ ಬರೆಯಲಾಯಿತು. ಆದರೆ ರಾಗಿಯ ಹೊಲಕ್ಕೆ ಬಿತ್ತಲು, ಕಳೆ ತೆಗೆಯಲು, ಕೊಯ್ಯಲು ಆಳುಗಳು ಬೇಕು, ನೀಲಗಿರಿಗೆ ಬೇಡ. ಕೂಲಿಯು ಹೋಯಿತು. ರಾಗಿಯ ಹುಲ್ಲನ್ನು ದನ ಮೇಯುತ್ತದೆ. ನೀಲಗಿರಿಯ ಎಲೆಯನ್ನು ಮುಟ್ಟುವುದಿಲ್ಲ. ಹಾಲೂ ಹೋಯಿತು. ಮರಗಳು ಕಾಗದದ ಮತ್ತು ಕೃತಕ ರೇಷ್ಮೆಯ ಕಾರ್ಖಾನೆಗಳಿಗೆ ಸಾಗಿದವು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ಬಡವನನ್ನು ಬಿಟ್ಟು ಬೆಳೆಸಿದ ಹಸಿರು ನೆಲಕ್ಕೂ ಹಿತವಾಗಲಿಲ್ಲ ಎಂಬುದೇ ಇದರ ಸಾರಾಂಶ.

2008ರಲ್ಲಿ ಸುಮಾರು 4,000 ಎಕರೆಗಳ ವಿಮಾನನಿಲ್ದಾಣವು ದೇವನಹಳ್ಳಿಯ ಪಕ್ಕದಲ್ಲಿ ಆರಂಭವಾದ ಮೇಲೆ ಈ ನೆಲದ ಬೆಲೆಯು ಆಕಾಶಕ್ಕೇರಿತು. ಚಕ್ಕೋತ, ದ್ರಾಕ್ಷಿ, ರಾಗಿ, ಹಿಪ್ಪುನೇರಳೆಗಳನ್ನು ಕೊಡುತ್ತಿದ್ದ ಹೊಲಗಳನ್ನು ಚದರಡಿಗಳಲ್ಲಿ ಅಳೆಯುವ ಕಾಲ ಬಂದಿತು. ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಗಳನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಕ್ರಮವನ್ನು ವಿರೋಧಿಸಿ 2022ರ ಏಪ್ರಿಲ್ 4ರಂದು ರೈತರು ಧರಣಿಗೆ ಕುಳಿತರು. ಮೂರು ಮಳೆಗಾಲಗಳು ಕಳೆದರೂ ಅವರು ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ತಾವಾಗಿಯೇ ಕೊಡಲೊಪ್ಪುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು.

ಕೈಗಾರಿಕೆಯೇ ಬೇಡವೆಂಬುದು ಈ ಪ್ರಸಂಗದ ತಾತ್ಪರ್ಯವಲ್ಲ. ಕಾರ್ಖಾನೆಯ ದುಡಿಮೆಯೂ ಕಾಯಕವೇ; ಅದರಿಂದ ಎಷ್ಟೋ ಬಡವರ ಮನೆಯ ದೀಪ ಉರಿಯುತ್ತದೆ. ವಿಚಾರಿಸಬೇಕಾದುದು ಬೇರೆ. ನೆಲವನ್ನು ಕೊಂಡಾಗ ಪಹಣಿಯಲ್ಲಿ ಹೆಸರಿದ್ದವನಿಗೆ ಹಣ ದೊರೆಯುತ್ತದೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣುಮಗಳಿಗೆ, ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ನೇಗಿಲು ಕುಳವನ್ನು ತಟ್ಟಿಕೊಡುತ್ತಿದ್ದ ಕಮ್ಮಾರನಿಗೆ ಏನು ದೊರೆಯುತ್ತದೆ? 2013ರ ಕೇಂದ್ರದ ಭೂಸ್ವಾಧೀನ ಕಾಯಿದೆಯು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಜಮೀನಿನ ಒಡೆಯನನ್ನಷ್ಟೇ ಅಲ್ಲದೆ, ಆ ನೆಲವನ್ನೇ ನಂಬಿದ ಕೂಲಿಗಾರನನ್ನೂ ಗೇಣಿದಾರನನ್ನೂ ಕುಶಲಕರ್ಮಿಯನ್ನೂ ಬಾಧಿತ ಕುಟುಂಬಗಳೆಂದು ಅದು ಎಣಿಸಿತು. ನೆಲವನ್ನು ತೆಗೆದುಕೊಳ್ಳುವ ಮೊದಲು ಸಮಾಜದ ಮೇಲಾಗುವ ಪರಿಣಾಮವನ್ನು ವಿಚಾರಿಸಬೇಕೆಂದಿತು. ಹಲವು ಬೆಳೆ ಬೆಳೆಯುವ ನೀರಾವರಿ ಜಮೀನನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಮುಟ್ಟಬೇಕೆಂದಿತು. ಹೆಸರಿಲ್ಲದವನನ್ನು ಲೆಕ್ಕಕ್ಕೆ ತರುವ ವಿಧಿಯೂ ಫಲವತ್ತಾದ ಮಣ್ಣನ್ನು ಕಾಯುವ ವಿಧಿಯೂ ಒಂದೇ ಕಾಯಿದೆಯಲ್ಲಿರುವುದು ಆಕಸ್ಮಿಕವಲ್ಲ.

ಭಾರತದ ಸಂವಿಧಾನವು ಸಹ ಈ ಎರಡನ್ನೂ ರಾಜ್ಯದ ಮುಂದಿಟ್ಟಿದೆ. ಸಮುದಾಯದ ಭೌತಿಕ ಸಂಪತ್ತಿನ ಒಡೆತನ ಮತ್ತು ಹತೋಟಿಯು ಸರ್ವರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆಂದು 39ನೆಯ ಅನುಚ್ಛೇದವು ಹೇಳುತ್ತದೆ. ಪರಿಸರವನ್ನೂ ಕಾಡನ್ನೂ ವನ್ಯಜೀವಿಗಳನ್ನೂ ಕಾಪಾಡಬೇಕೆಂಬ 48-ಎ ಅನುಚ್ಛೇದವು 1976ರಲ್ಲಿ ಸೇರಿತು. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು, ಮುಂದಿನ ತಲೆಮಾರಿನ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನವರ ಅಗತ್ಯಗಳನ್ನು, ಅದರಲ್ಲಿಯೂ ಬಡವರ ಅಗತ್ಯಗಳನ್ನು, ಪೂರೈಸುವುದೇ ನಿಜವಾದ ಅಭಿವೃದ್ಧಿಯೆಂದು ಲೋಕಕ್ಕೆ ತಿಳಿಸಿತು. ಲೋಕದ ವಿದ್ವಾಂಸರು ಬಹುಕಾಲ ಚಿಂತಿಸಿ ಬಂದು ನಿಂತ ಈ ನೆಲೆಯಲ್ಲಿ, ಅಕ್ಕಿ ಆಯುವ ಮನೆಯ ಒಬ್ಬ ತಾಯಿ 12ನೆಯ ಶತಮಾನದಲ್ಲಿಯೇ ನಿಂತಿದ್ದರು.

ಆದರೆ ಕಾಯಿದೆಯು ಕಾಗದದಲ್ಲಿದ್ದರೆ ಸಾಲದು. ಒಂದು ಯೋಜನೆಯು ದಾಸೋಹವೋ ಅಲ್ಲವೋ ಎಂಬುದನ್ನು ಅರಿಯಲು ಕಡೆಯ ಗದ್ದೆಯ ಬಳಿ ನಿಂತು ನೋಡಬೇಕು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಬಯಲುಸೀಮೆಯ ಕೆರೆಗಳನ್ನು ತುಂಬಿಸುವ ಕಾರ್ಯವು 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದಲ್ಲಿ ನಡೆಯಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ಅದೇ ರೀತಿಯಲ್ಲಿ ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಬಂದಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು. ಬತ್ತಿದ ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿತು. ಇದು ಸಂತೋಷದ ಸಂಗತಿ. ಆದರೆ ಆ ನೀರನ್ನು ಎರಡು ಹಂತಗಳಲ್ಲಿ ಮಾತ್ರ ಶುದ್ಧಿಮಾಡಲಾಗುತ್ತಿದ್ದು, ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ. ಅವರ ಬೇಡಿಕೆಯು ಧರ್ಮಸಮ್ಮತವಾದುದು. ಪಾದೋದಕವನ್ನು ಕೈಯೊಡ್ಡಿ ಸ್ವೀಕರಿಸುವ ಭಕ್ತನಿಗೆ ನೀರಿನ ಶುಚಿಯೆಂದರೇನೆಂದು ಹೇಳಬೇಕಾಗಿಲ್ಲ. ಜಂಗಮಕ್ಕೆ ಒಪ್ಪಿಸುವುದು ತನಗೆ ಬೇಡವಾದುದನ್ನಲ್ಲ. ತಾನು ಕುಡಿಯಲೊಲ್ಲದ ನೀರನ್ನು ನೆರೆಯವನ ಕೆರೆಗೆ ಬಿಟ್ಟರೆ ಅದು ಕೊಡುಗೆಯಾಗದು.

ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ಸ್ಮರಿಸುವುದು ಉಚಿತ. ಇಂದಿನ ಸೊಲ್ಲಾಪುರದಲ್ಲಿ ಅವರು ಕಟ್ಟಿಸಿದ ಕೆರೆಯು ಈಗಲೂ ಅವರ ಗುಡಿಯನ್ನು ಸುತ್ತುವರಿದಿದೆ. ಜನರ ಬಾಯಾರಿಕೆಯನ್ನು ನೀಗಲು ಕೆರೆ ತೋಡಿಸುತ್ತಿದ್ದ ಆ ಮಹಾಯೋಗಿಯ ಬಳಿಗೆ ಅಲ್ಲಮಪ್ರಭುಗಳು ಬಂದು, ಅವರನ್ನು ಮಣ್ಣು ಹೊರುವವನೆಂದು ಮೂದಲಿಸಿದರೆಂದೂ, ಕೆಲಸದವರು ಕೆರಳಿ ಕಲ್ಲೆಸೆದರೆಂದೂ ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುಗಳಿಗೆ ಕೆರೆಯ ಮೇಲೆ ದ್ವೇಷವಿರಲಿಲ್ಲ. ತಾನು ಕಟ್ಟಿಸಿದೆನೆಂಬ ಭಾವವು ಕೆರೆಯೊಡನೆಯೇ ತುಂಬುತ್ತಿದ್ದುದನ್ನು ಅವರು ಕಂಡರು. ಸಿದ್ಧರಾಮರು ಅದನ್ನರಿತು ಕಲ್ಯಾಣಕ್ಕೆ ನಡೆದರು. ಇಂದು ಹೂಳೆತ್ತಿಸಿದ ಕೆರೆಯ ಏರಿಯ ಮೇಲೆ ನಾಮಫಲಕವು ಮೊದಲು ನಿಲ್ಲುತ್ತದೆ. ರಾಜಕಾಲುವೆಯ ಒತ್ತುವರಿಯು ಹಾಗೆಯೇ ಉಳಿಯುತ್ತದೆ. ನೀರು ಬರುವ ದಾರಿಯನ್ನು ಬಿಡಿಸಬೇಕಾದರೆ ಒತ್ತಿಕೊಂಡವರ ಮುಖವನ್ನು ನೋಡಬೇಕಾಗುತ್ತದೆ. ಕೆಲವೊಮ್ಮೆ ಆ ಮುಖವು ಮಠದ ಪಂಕ್ತಿಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತದೆ.

ಆದುದರಿಂದ ಗೃಹಸ್ಥನಾದ ಭಕ್ತನು ಸರ್ಕಾರವನ್ನು ಕೇಳುವುದಕ್ಕೆ ಮೊದಲು ತನ್ನನ್ನು ಕೇಳಿಕೊಳ್ಳತಕ್ಕದ್ದು. ತನ್ನ ಹೊಲದ ಬದುವು ಗೋಮಾಳದೊಳಕ್ಕೆ ಎಷ್ಟು ಮಾರು ಸರಿದಿದೆ? ಊರಿನ 100 ದನಗಳಿಗೆ 12 ಹೆಕ್ಟೇರುಗಳಂತೆ ಮೇವಿನ ನೆಲವನ್ನು ಬಿಡಬೇಕೆಂಬುದು ರಾಜ್ಯದ ಕಂದಾಯ ನಿಯಮ. ಒಂದೆರಡು ಹಸುಗಳನ್ನೇ ನಂಬಿದ ಭೂಹೀನನಿಗೆ ಗೋಮಾಳವೇ ಹೊಲ; ಅದನ್ನು ಒತ್ತಿದವನು ಅವನ ತಟ್ಟೆಯಿಂದ ತುತ್ತನ್ನು ತೆಗೆದಂತೆ. ತನ್ನ ಕೊಳವೆಬಾವಿಗೆ 2011ರ ಅಂತರ್ಜಲ ಕಾಯಿದೆಯಂತೆ ಅನುಮತಿಯುಂಟೆ? ಅದರ ನೀರು ಟ್ಯಾಂಕರಿನಲ್ಲಿ ಪಟ್ಟಣಕ್ಕೆ ಹೋಗುವಾಗ ಕೇರಿಯ ಹೆಂಗಸರು ಕೊಡ ಹಿಡಿದು ನಲ್ಲಿಯ ಮುಂದೆ ಕಾಯುತ್ತಿದ್ದಾರೆಯೆ? ಹೆಚ್ಚು ನೀರು ಕುಡಿಯುವ ಬೆಳೆಯ ಬದಲು ರಾಗಿ, ಅವರೆ, ತೊಗರಿಗಳಿಗೆ ಒಂದು ಪಾಲು ನೆಲವನ್ನು ಬಿಡಲಾದೀತೆ? ಗ್ರಾಮಸಭೆಯಲ್ಲಿ ಕೆರೆಯ ಮಾತು ಬಂದಾಗ ಕೇರಿಯವನು ಎದ್ದು ನಿಂತು ಮಾತನಾಡುವಷ್ಟು ಎಡೆಯನ್ನು ತಾನು ಬಿಟ್ಟಿದ್ದಾನೆಯೆ?

ಇವು ಸಣ್ಣ ಪ್ರಶ್ನೆಗಳಂತೆ ತೋರಬಹುದು. ಆದರೆ ರಾಜ್ಯನೀತಿಯೆಂಬುದು ಇಂಥ ಮನೆಗಳ ಒಪ್ಪಿಗೆಯಿಂದಲೇ ನಡೆಯುತ್ತದೆ. ಒತ್ತುವರಿಯಾದ ಗೋಮಾಳವನ್ನು ಬಿಡಿಸುವ ಕಾಯಿದೆಯು ಬಲಗೊಳ್ಳುವುದೂ ಸತ್ತುಹೋಗುವುದೂ ಊರಿನ ಹಿರಿಯರ ಮನಸ್ಸಿನಲ್ಲಿಯೇ. ಒಬ್ಬ ಉಳ್ಳವನು ತಾನಾಗಿಯೇ ಬದುವನ್ನು ಹಿಂದಕ್ಕೆ ಸರಿಸಿದರೆ ಹತ್ತು ನೋಟೀಸುಗಳು ಮಾಡಲಾರದ ಕೆಲಸವು ಆಗುತ್ತದೆ. ಮಾರಯ್ಯನವರು ಆಯ್ದ ಅಕ್ಕಿಯೊಡನೆ ಹಿಂದಿರುಗಿ ನಡೆದ ದಾರಿ ದೂರದ್ದಲ್ಲ. ಅದು ತನ್ನ ಮನೆಯಿಂದ ಊರಿನ ಅಂಗಳದವರೆಗಿನ ದಾರಿ ಮಾತ್ರ. ಅದರಲ್ಲಿ ನಡೆಯಲು ಕಾಲಿಗಿಂತ ಮನಸ್ಸು ಬೇಕು.

ಆವತಿಯ ನೆಲದಲ್ಲಿ ಮಳೆ ಬಿದ್ದಾಗ ಆ ನೀರು ಯಾರ ಜಾತಿಯನ್ನೂ ಕೇಳದೆ, ಯಾರ ಪಹಣಿಯನ್ನೂ ನೋಡದೆ ತಗ್ಗಿನತ್ತ ಹರಿಯುತ್ತದೆ. ತಗ್ಗಿನಲ್ಲಿರುವವನಿಗೆ ಮೊದಲು ಒದಗುವುದು ನೀರಿನ ಸ್ವಭಾವ. ಅದೇ ಶಿವನ ಸಂಕಲ್ಪವೂ ಹೌದು. ನಡುವೆ ಅಡ್ಡಗಟ್ಟುವುದು ಮನುಷ್ಯನ ಆಸೆಯೊಂದೇ. ಆ ಅಡ್ಡವನ್ನು ತನ್ನ ಕೈಯಾರೆ ತೆಗೆದು, ಕಡೆಯ ಗದ್ದೆಯವನು ನಗುವಂತೆ ಬದುಕುವ ಭಕ್ತನ ಮನೆಯಲ್ಲಿ ಪ್ರಸಾದವು ಪ್ರಸಾದವಾಗಿರುತ್ತದೆ, ನೀರು ಪಾದೋದಕವಾಗಿರುತ್ತದೆ. ಸಮಸ್ತ ಶರಣಸಂತತಿಗೂ ಅಂಥ ಬುದ್ಧಿಯನ್ನು ಪರಶಿವನು ಕರುಣಿಸಲಿ. ಕೆರೆಗಳು ತುಂಬಲಿ, ತುಂಬಿದುವು ಹಂಚಿಹೋಗಲಿ.

ಶಿವಾರ್ಪಣಮಸ್ತು.